ಚೆಂಡು ಹಿಡಿದು ನಿಂತ ಕಮಲಾಕರ ಹೆಗಡೆ

ಬಾಸ್ಕೆಟ್‌ಬಾಲ್ ಬಲ್ಲವರು ಒಂದು ಪಟ್ಟಿ ಇಟ್ಟುಕೊಂಡಿರುತ್ತಾರಂತೆ. ಗೆಲ್ಲುವ ಯಾವ ಲಕ್ಷಣವೂ ಇಲ್ಲದೆ, ಸಂಬಳ ತಿಂದು ಆಡುವ ಘಟಾನುಘಟಿಗಳನ್ನು ಮಣಿಸಿ, ಕಪ್ ಹೊತ್ತು ಮನೆಗೆ ಹೋದ ತಂಡಗಳ ಪಟ್ಟಿ. ಅದರಲ್ಲಿ ಅಮೆರಿಕದ ಊರುಗಳ ಹೆಸರು ಬೇಕಾದಷ್ಟು ಇವೆಯಂತೆ, ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಹೆಸರು ಮಾತ್ರ ಇಲ್ಲ. ಪಟ್ಟಿ ಮಾಡಿದವರು ಸಾವಿರದ ಒಂಬೈನೂರ ತೊಂಬತ್ತಾರರ ಡಿಸೆಂಬರಿನಲ್ಲಿ ಶಿರಸಿಗೆ ಬಂದಿರಲಿಲ್ಲ, ಅದೇ ಕಾರಣ. ಬಂದಿದ್ದರೆ ಹೆಸರೂ ಬರೆಯುತ್ತಿದ್ದರು, ಊಟವನ್ನೂ ಮಾಡಿಕೊಂಡು ಹೋಗುತ್ತಿದ್ದರು.

ಈ ಇತಿಹಾಸಕ್ಕೆ ಮೂಲಪುರುಷನಾದವನು ಕಮಲಾಕರ ಹೆಗಡೆ. ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಯಾರ ಗೊಡವೆಗೂ ಹೋಗದ, ಯಾರಿಗೂ ಇಲ್ಲವೆನ್ನಲಾರದ ಸಾಧು ಪ್ರಾಣಿ. ಅವನಿಗಿದ್ದ ಒಂದೇ ಒಂದು ಚಟ ಕವಳ. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಒಮ್ಮೆ ಬಾಯಿಗೆ ಹಾಕಿದನೆಂದರೆ ಮುಂದಿನ ಅರ್ಧ ತಾಸು ಅವನಿಂದ ‘ಹೂಂ’ ಮತ್ತು ‘ಊಹೂಂ’ ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಅವನ ಜೀವನದ ಎರಡು ದೊಡ್ಡ ಸುಳ್ಳುಗಳನ್ನು ಅವನು ಹೇಳಿದ್ದೇ ಅಲ್ಲ, ಕವಳ ಹೇಳಿಸಿದ್ದು.

ಮೊದಲನೆಯದು ಹೀಗೆ. ಅವನ ಮನೆಯ ಜಗುಲಿಯಲ್ಲಿ ಒಂದು ಫೋಟೋ ತೂಗುತ್ತಿತ್ತು. ಧಾರವಾಡದಲ್ಲಿ ಅವನು ಓದುತ್ತಿದ್ದಾಗ ತೆಗೆಸಿದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ್ದು. ಸಾಲಾಗಿ ನಿಂತ ಎತ್ತರದ ಹುಡುಗರ ತುದಿಯಲ್ಲಿ, ಎಲ್ಲರಿಗಿಂತ ಗಿಡ್ಡನಾದ ಕಮಲಾಕರ ಎದೆಗೊತ್ತಿ ಚೆಂಡು ಹಿಡಿದುಕೊಂಡು ನಿಂತಿದ್ದ. ನಿಜ ಸಂಗತಿಯೇನೆಂದರೆ ಅವನು ಒಂದು ದಿನವೂ ಆಡಿದವನಲ್ಲ. ಚೆಂಡಿಗೆ ಗಾಳಿ ತುಂಬುವುದು, ಅದನ್ನು ಹೊತ್ತು ತರುವುದು, ಆಟ ಮುಗಿದ ಮೇಲೆ ಒರೆಸಿ ಕಪಾಟಿನಲ್ಲಿಡುವುದು ಅವನ ಕೆಲಸ. ಫೋಟೋದವನು ‘ರೆಡಿ’ ಎಂದಾಗ ಚೆಂಡು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಇಟ್ಟುಕೊಂಡಿದ್ದ. ಕೆಳಗೆ ಎಲ್ಲರ ಹೆಸರು, ಹುದ್ದೆ ಅಚ್ಚಾಗಿತ್ತು. ಆ ಪಟ್ಟಿಯನ್ನು ಒರಲೆ ತಿಂದುಹಾಕಿತ್ತು. ಒರಲೆಗೆ ಚೌಕಟ್ಟಿನ ಬೇರೆ ಮೂರು ಬದಿಯೂ ಇದ್ದವು, ಅದು ಹುಡುಕಿ ಹುಡುಕಿ ಹೆಸರಿನ ಬದಿಯನ್ನೇ ತಿಂದಿತು.

ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಹುಡುಗಿ ಜಯಾಳ ಅಪ್ಪ ಈ ಫೋಟೋದ ಮುಂದೆ ನಿಂತುಬಿಟ್ಟರು. ಚೆಂಡು ಯಾರ ಕೈಯಲ್ಲಿರುತ್ತದೋ ಅವನೇ ಕ್ಯಾಪ್ಟನ್ ಎಂಬುದು ಫೋಟೋ ನೋಡುವವರಿಗೆಲ್ಲ ಗೊತ್ತಿರುವ ಶಾಸ್ತ್ರ. ಕ್ಯಾಪ್ಟನ್ ಆಗಿದ್ದನೋ ಮಾಣಿ ಎಂದು ಕೇಳಿದರು. ಕಮಲಾಕರನ ಬಾಯಿ ತುಂಬ ಕವಳ. ಹಿರಿಯರೆದುರು ಎದ್ದು ಅಂಗಳಕ್ಕೆ ಹೋಗಿ ಉಗಿದು ಬರುವುದು ಮರ್ಯಾದೆಯಲ್ಲ, ಬಾಯಿ ತೆರೆದರೆ ಮಾವನ ಬಿಳಿ ಅಂಗಿ ಕೆಂಪಾಗುವ ಅಪಾಯ. ತಲೆಯನ್ನು ಯಾವ ಕಡೆಗೂ ಸೇರದ ಹಾಗೆ ಅಲ್ಲಾಡಿಸಿ ‘ಹೂಂ’ ಎಂದ. ಎಷ್ಟು ವಿನಯ ನೋಡಿ, ಹೇಳಿಕೊಳ್ಳುವುದೇ ಇಲ್ಲ ಎಂದು ಮಾವ ಮೆಚ್ಚಿದರು. ಮದುವೆ ಆಯಿತು. ಆಮೇಲೆ ಹೆಂಡತಿಗೆ ನಿಜ ಹೇಳಲು ಒಂದು ಒಳ್ಳೆಯ ದಿನಕ್ಕಾಗಿ ಕಾಯುತ್ತ ಕಾಯುತ್ತ ಮಗಳು ನಮಿತಾ ಹುಟ್ಟಿ, ಎಂಟನೇ ಇಯತ್ತೆಗೂ ಬಂದುಬಿಟ್ಟಳು.

ಧಾರವಾಡದ ದಿನಗಳಿಂದ ಕಮಲಾಕರನಿಗೆ ಉಳಿದಿದ್ದ ಇನ್ನೊಂದು ಆಸ್ತಿಯೆಂದರೆ ಚೆಂಡಿಗೆ ಗಾಳಿ ತುಂಬುವ ಹಿತ್ತಾಳೆ ಸೂಜಿ. ಕಪಾಟಿನ ಕೀಲಿಯ ಜೊತೆ ಅದನ್ನೂ ಜನಿವಾರಕ್ಕೆ ಕಟ್ಟಿಕೊಂಡಿದ್ದ. ಪ್ರತಿ ವರ್ಷ ಜನಿವಾರ ಬದಲಾಗುತ್ತಿತ್ತು, ಸೂಜಿ ಹಳೆಯದರಿಂದ ಹೊಸದಕ್ಕೆ ಏರುತ್ತಿತ್ತು. ಕಿವಿ ತುರಿಸುವ ಕಡ್ಡಿ ಇರಬೇಕೆಂದು ಜಯಾ ತಿಳಿದಿದ್ದಳು.

ನಮಿತಾಳಿಗೆ ಅಪ್ಪನೆಂದರೆ ಆ ಫೋಟೋ. ಬಂದ ಗೆಳತಿಯರಿಗೆಲ್ಲ ತೋರಿಸುತ್ತಿದ್ದಳು. ಶಾಲೆಯಲ್ಲಿ ‘ನನ್ನ ತಂದೆ’ ಎಂಬ ಪ್ರಬಂಧದ ಸ್ಪರ್ಧೆ ನಡೆದಾಗ, ಅಪ್ಪನ ನೇತೃತ್ವದಲ್ಲಿ ಧಾರವಾಡದ ತಂಡ ಹೇಗೆ ಆಡಿತೆಂದು ನಾಲ್ಕು ಪುಟ ಬರೆದು ಮೊದಲ ಬಹುಮಾನವಾಗಿ ಸ್ಟೀಲ್ ಲೋಟ ಗೆದ್ದಳು. ಅಂದಿನಿಂದ ಕಮಲಾಕರನಿಗೆ ಬೆಳಗಿನ ಚಹಾ ಅದೇ ಲೋಟದಲ್ಲಿ.

ಬಹುಮಾನ ವಿತರಣೆಗೆ ಯಲ್ಲಾಪುರದಿಂದ ಕ್ರೀಡಾ ಇಲಾಖೆಯ ಅಧಿಕಾರಿಯೊಬ್ಬರು ಮುಖ್ಯ ಅತಿಥಿಯಾಗಿ ಬಂದಿದ್ದರು. ಅವರಿಗೊಂದು ಸಂಕಟ ಅಂಟಿಕೊಂಡಿತ್ತು. ಮುಂಬಯಿಯಲ್ಲಿ ದುಡಿದು ಬಂದ ಶಿರಸಿಯ ಹಿರಿಯರೊಬ್ಬರು ಬೆಳ್ಳಿಯ ಕಪ್ ಇಟ್ಟು, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ನಡುವೆ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಏರ್ಪಡಿಸಿದ್ದರು. ಯಲ್ಲಾಪುರದಲ್ಲಿ ಆಡುವವರು ಹೋಗಲಿ, ಆಟ ನೋಡಿದವರೂ ಸಿಕ್ಕಿರಲಿಲ್ಲ. ವೇದಿಕೆಯ ಮೇಲೆ ನಮಿತಾ ಪ್ರಬಂಧ ಓದಿದಳು. ಅಧಿಕಾರಿಗಳು ಕುರ್ಚಿಯಿಂದ ಎದ್ದೇ ಬಿಟ್ಟರು. ಇಂಥ ಕ್ಯಾಪ್ಟನ್ ನಮ್ಮ ತಾಲೂಕಿನಲ್ಲಿರುವಾಗ ನಾನು ಊರೂರು ಅಲೆದೆನಲ್ಲ ಎಂದು ಮೈಕಿನಲ್ಲೇ ಪಶ್ಚಾತ್ತಾಪ ಪಟ್ಟು, ತಂಡ ಕಟ್ಟುತ್ತೀರಲ್ಲ ಹೆಗಡೆಯವರೇ ಎಂದು ಸಭೆಯತ್ತ ಕೈಮಾಡಿದರು.

ಸಭೆಯೆಲ್ಲ ತಿರುಗಿತು. ಮೂರನೇ ಸಾಲಿನಲ್ಲಿ ಕೂತಿದ್ದ ಕಮಲಾಕರ ಎದ್ದು ನಿಂತ. ಬಾಯಲ್ಲಿ ಏನಿತ್ತೆಂದು ಬೇರೆ ಹೇಳಬೇಕೇ? ‘ಊಹೂಂ’ ಎನ್ನಲು ಹೊರಟಿದ್ದನಂತೆ. ಅಷ್ಟರಲ್ಲಿ ವೇದಿಕೆಯ ಮೇಲಿಂದ ಮಗಳು ಅವನನ್ನು ನೋಡಿದಳು. ‘ಹೂಂ’ ಎಂದೇ ಹೊರಟಿತು. ಜನ ಚಪ್ಪಾಳೆ ತಟ್ಟಿದರು.

ಪಕ್ಕದ ಮನೆಯ ದೇವಕ್ಕ ಈ ಸುದ್ದಿಯನ್ನು ಸಂಜೆಯೊಳಗೆ ನಂದೊಳ್ಳಿಯವರೆಗೆ ಮುಟ್ಟಿಸಿದಳು. ಆಗ ಊರಲ್ಲಿ ಫೋನುಗಳು ಕಡಿಮೆ, ಆದರೆ ದೇವಕ್ಕ ಇದ್ದಳು. ಮರುದಿನ ಸಂಘಕ್ಕೆ ಬಂದವರೆಲ್ಲ ಗೊಬ್ಬರದ ವಿಚಾರ ಬಿಟ್ಟು ಕಪ್ಪಿನ ವಿಚಾರ ಕೇಳತೊಡಗಿದರು. ಕಪ್ ಇಡಲು ಸಂಘದ ಕಪಾಟಿನಲ್ಲಿ ಜಾಗ ಮಾಡಿಸಬೇಕೆಂದು ಅಧ್ಯಕ್ಷರು ಅಳತೆಯನ್ನೂ ತೆಗೆಸಿದರು. ಮಾವ ಮತ್ತಿಘಟ್ಟದಿಂದ ಒಂದು ಕೊಡ ಜೋನಿಬೆಲ್ಲ ಕಳಿಸಿದರು, ಆಡುವವರಿಗೆ ಶಕ್ತಿ ಬರಲಿ ಎಂದು.

ಆಡುವವರು ಎಲ್ಲಿ? ಹುಡುಗರನ್ನೆಲ್ಲ ಕ್ರಿಕೆಟ್ ನುಂಗಿತ್ತು. ತಂಡ ಹುಡುಕುತ್ತ ಕಮಲಾಕರ ಒಂದು ಗೃಹಪ್ರವೇಶದ ಊಟಕ್ಕೆ ಹೋದ. ಎಲ್ಲರೂ ಎಲೆಯ ಮುಂದೆ ಕೂತಿದ್ದರು, ನಿಂತಿದ್ದವರು ನಾಲ್ಕೇ ಜನ, ಬಡಿಸುವವರು. ಆ ಸೀಮೆಯಲ್ಲಿ ಯಾರ ಮನೆಯ ಕಾರ್ಯವಾದರೂ ಬಡಿಸಲು ಸೊಂಟ ಕಟ್ಟುತ್ತಿದ್ದ ನಾಲ್ವರು ಅವರು: ಮುಂದಾಳು ಸೀತಾರಾಮ ಭಟ್ಟ, ಅವನ ಇಬ್ಬರು ತಮ್ಮಂದಿರು, ಊರಿನ ಪೋಸ್ಟ್‌ಮಾಸ್ತರ. ಸೀತಾರಾಮನಿಗೆ ನಲವತ್ತೈದು ದಾಟಿತ್ತು, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಆದರೆ ಎಂಟುನೂರು ಎಲೆಯ ಪಂಕ್ತಿಯಲ್ಲಿ, ಒಂದು ಪಾದ ಹಿಡಿಸುವ ಸಂದಿಯಲ್ಲಿ, ಕುದಿಯುವ ಸಾರಿನ ಬಾಲ್ದಿ ಹಿಡಿದು ಒಂದು ಹನಿ ಚೆಲ್ಲದೆ ಓಡುತ್ತಿದ್ದ. ಒಬ್ಬನ ಬಾಲ್ದಿ ಖಾಲಿಯಾಗುವಷ್ಟರಲ್ಲಿ ಇನ್ನೊಬ್ಬ ತುಂಬಿದ್ದನ್ನು ಕೈಗಿಡುತ್ತಿದ್ದ. ಕರೆಯುವುದೂ ಬೇಡ, ತಿರುಗಿ ನೋಡುವುದೂ ಬೇಡ.

ಬರುತ್ತೀರಾ ಎಂದು ಕಮಲಾಕರ ಕೇಳಿದ. ಸೀತಾರಾಮ ಒಂದೇ ಒಂದು ಪ್ರಶ್ನೆ ಹಾಕಿದ.

“ಅಲ್ಲಿ ನಮಗೆ ಯಾರಾದ್ರೂ ಬಡಿಸ್ತ್ವ?”

ಮಧ್ಯಾಹ್ನದ ಊಟ ಶಿರಸಿಯವರದ್ದೇ ಎಂದ ಕಮಲಾಕರ. ಇಪ್ಪತ್ತು ವರ್ಷ ಮಂದಿಗೆ ಬಡಿಸಿ ಕೊನೆಯ ಪಂಕ್ತಿಯಲ್ಲಿ ಆರಿದ ಅನ್ನ ಉಂಡವರಿಗೆ ಇದಕ್ಕಿಂತ ದೊಡ್ಡ ಕಪ್ ಯಾವುದು? ನಾಲ್ವರೂ ಒಪ್ಪಿದರು. ಐದನೆಯವನಾಗಿ ಮಾದೇವ ಸಿಕ್ಕ. ಅಡಿಕೆ ಕೊಯ್ಲಿನಲ್ಲಿ ಮರದ ತುದಿಯಿಂದ ಇಳಿದು ಬರುವ ಗೊನೆಯನ್ನು ಕೆಳಗೆ ನಿಂತು ಹಿಡಿಯುವುದು ಅವನ ಕಸುಬು. ಮೇಲಿಂದ ಏನೇ ಬರಲಿ, ಮಾದೇವನ ಕೈ ದಾಟಿ ನೆಲ ಮುಟ್ಟಿದ್ದಿಲ್ಲ. ಆರು ಅಡಿ ಆಳು.

ಶಾಲೆಯ ಗೋಡೆಗೆ ಕಬ್ಬಿಣದ ಬಳೆ ಹೊಡೆದು ತಾಲೀಮು ಶುರುವಾಯಿತು. ಕಮಲಾಕರನಿಗೆ ಆಡಲು ಬರುತ್ತಿರಲಿಲ್ಲ, ಆದರೆ ಮೂರು ವರ್ಷ ಅಂಗಳದ ಬದಿಯಲ್ಲಿ ಕೂತು ಕೋಚ್ ಬೈಯುವುದನ್ನು ಕೇಳಿದ್ದ. ಅದನ್ನೇ ನೆನಪಿನಿಂದ ಬೈಯತೊಡಗಿದ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡಬೇಕು ಎಂದಾಗ ಮೊದಲ ವಿಘ್ನ ಬಂತು. ಸೀತಾರಾಮ ಚೆಂಡು ಹಿಡಿದು ನಿಂತುಬಿಟ್ಟ.

“ನೆಲಕ್ಕೆ ಬಿದ್ದಿದ್ದನ್ನ ಮತ್ತೆ ಎತ್ತಿ ಬಡಿಸ ಪದ್ಧತಿ ನಮ್ಮಲ್ಲಿ ಇಲ್ಲೆ.”

ಇದು ಅನ್ನವಲ್ಲ, ರಬ್ಬರು ಎಂದು ಕಮಲಾಕರ ಎಷ್ಟು ಹೇಳಿದರೂ ಕೈ ಕೇಳಬೇಕಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಕೊನೆಗೆ ಪುಟಿಸುವುದನ್ನೇ ಕೈಬಿಟ್ಟರು. ಕೈಯಿಂದ ಕೈಗೆ ದಾಟಿಸುವುದಷ್ಟೇ. ಅದನ್ನು ಮಾತ್ರ ಎಷ್ಟು ಚೆಂದ ಮಾಡುತ್ತಿದ್ದರೆಂದರೆ ಗೋಡೆಯ ಮೇಲೆ ಕೂತು ನೋಡುತ್ತಿದ್ದ ನಮಿತಾಳಿಗೂ ಚೆಂಡು ಯಾರ ಹತ್ತಿರ ಇದೆಯೆಂದು ತಿಳಿಯುತ್ತಿರಲಿಲ್ಲ. ಜಯಾ ಐದು ಜನಕ್ಕೂ ಹಸಿರು ಚಡ್ಡಿ ಹೊಲಿದುಕೊಟ್ಟಳು. ಸೀತಾರಾಮನನ್ನು ಚಡ್ಡಿಯಲ್ಲಿ ನೋಡಿದ ದಿನ ದೇವಕ್ಕ ಬಾಗಿಲು ಹಾಕಿಕೊಂಡಳು, ಕಿಟಕಿ ಹಾಕಿಕೊಳ್ಳಲಿಲ್ಲ.

ಪಂದ್ಯದ ದಿನ ಊರಿಗೆ ಊರೇ ಎರಡು ಟೆಂಪೋ ಮಾಡಿಕೊಂಡು ಶಿರಸಿಗೆ ಹೋಯಿತು. ನಮಿತಾ ಗೋಡೆಯಿಂದ ಆ ಫೋಟೋವನ್ನೂ ಇಳಿಸಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಶಿರಸಿಯ ಹುಡುಗಿಯರಿಗೆ ತೋರಿಸಬೇಕಿತ್ತಂತೆ. ಕಮಲಾಕರ ಬೇಡವೆಂದು ಹೇಳಲು ಕಾರಣ ಸಿಗದೆ ಕಿಟಕಿಯಾಚೆ ನೋಡುತ್ತ ಕೂತ.

ಬೆಳಿಗ್ಗೆ ಸಿದ್ದಾಪುರದವರ ಜೊತೆ ಆಟ. ಅವರು ವಾಲಿಬಾಲ್ ಆಡುವವರು, ಚೆಂಡು ಕಂಡರೆ ಮೇಲಕ್ಕೆ ಹೊಡೆಯುವುದೊಂದೇ ಗೊತ್ತು. ಅವರು ಮೇಲೆ ಹೊಡೆದದ್ದನ್ನೆಲ್ಲ ಮಾದೇವ ಕೆಳಗೆ ನಿಂತು ಹಿಡಿದ. ಯಲ್ಲಾಪುರ ಹತ್ತು, ಸಿದ್ದಾಪುರ ಆರು. ಸಿದ್ದಾಪುರದವರು ಸಿಟ್ಟಿನಿಂದ ಊಟಕ್ಕೂ ನಿಲ್ಲದೆ ಜೀಪು ಹತ್ತಿದರು. ಪಂದ್ಯಾವಳಿಯ ಎರಡು ಚೆಂಡುಗಳಲ್ಲಿ ಒಂದು ಅದೇ ಜೀಪಿನಲ್ಲಿ ಹೋಯಿತು.

ಮಧ್ಯಾಹ್ನ ಫೈನಲ್. ಶಿರಸಿಯ ತಂಡ ಅಂಗಳಕ್ಕಿಳಿದಾಗ ಮಂಚಿಕೇರಿಯವರ ಬಾಯಿ ಮುಚ್ಚಿತು. ಕಪ್ ಊರು ಬಿಟ್ಟು ಹೋಗಬಾರದೆಂದು ಶಿರಸಿಯ ವ್ಯಾಪಾರಸ್ಥರು ಹುಬ್ಬಳ್ಳಿಯಿಂದ ಸಂಬಳದ ಆಟಗಾರರನ್ನು ತರಿಸಿದ್ದರು. ಐವರೂ ಅಡಿಕೆ ಮರದಂತಿದ್ದರು. ಅವರ ಹಿಂದೆ, ಕೊರಳಿಗೆ ಸೀಟಿ ಹಾಕಿಕೊಂಡ ದಪ್ಪ ಮೀಸೆಯ ಕೋಚ್ ಬಂದ. ಕಮಲಾಕರನಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಧಾರವಾಡದ ಸಂಗಯ್ಯ. ಆ ಫೋಟೋದ ನಟ್ಟನಡುವೆ ಮೊಣಕಾಲ ಮೇಲೆ ಕೈಯಿಟ್ಟು ಕೂತ ನಿಜವಾದ ಕ್ಯಾಪ್ಟನ್.

ಕಮಲಾಕರ ಹೆಗಲ ಪಂಚೆಯನ್ನು ತಲೆಗೆ ಹೊದ್ದುಕೊಂಡ. ಹದಿನೆಂಟು ವರ್ಷ ಕಳೆದಿತ್ತು, ಕೂದಲು ಹೋಗಿತ್ತು, ಕನ್ನಡಕ ಬಂದಿತ್ತು. ಸಂಗಯ್ಯ ಒಮ್ಮೆ ನೋಡಿ ಮುಂದೆ ಹೋದ. ಬಚಾವಾದೆ ಎಂದುಕೊಂಡ ಕಮಲಾಕರ. ಗೆಲ್ಲುವುದು ಹಾಳಾಗಿ ಹೋಗಲಿ, ಈ ಮನುಷ್ಯ ಬಾಯಿ ತೆರೆಯದೆ ಹೊತ್ತು ಮುಳುಗಿದರೆ ಸಾಕಿತ್ತು.

ಮೊದಲ ಅರ್ಧ ಮುಗಿದಾಗ ಶಿರಸಿ ಇಪ್ಪತ್ತೊಂದು, ಯಲ್ಲಾಪುರ ಆರು. ಚೆಂಡು ಸಿಕ್ಕಿದಾಗೆಲ್ಲ ನಮ್ಮವರು ಕೈಯಿಂದ ಕೈಗೆ ಚೆಂದವಾಗಿಯೇ ದಾಟಿಸುತ್ತಿದ್ದರು. ಇಷ್ಟು ಹೊತ್ತು ಚೆಂಡು ಇಟ್ಟುಕೊಳ್ಳಬಾರದೆಂಬ ನಿಯಮವೊಂದಿತ್ತು. ಆದರೆ ಇದ್ದದ್ದು ಒಂದೇ ಗಡಿಯಾರ, ಅದು ಆಟದ ಹೊತ್ತು ನೋಡುವುದರಲ್ಲಿತ್ತು. ಕಷ್ಟ ಬೇರೆ ಕಡೆ ಇತ್ತು. ಬಳೆಯ ಹತ್ತಿರ ಬಂದವನು ಹಾಕುತ್ತಿರಲಿಲ್ಲ. ನೀನು ಹಾಕು ಎಂದು ಪಕ್ಕದವನಿಗೆ ಕೊಡುತ್ತಿದ್ದ, ಅವನು ನೀನೇ ಹಾಕು ಎಂದು ಹಿಂದೆ ಕೊಡುತ್ತಿದ್ದ. ಬಡಿಸುವವನು ತನಗೇ ಹಾಕಿಕೊಂಡರೆ ನೋಡಿದವರು ಏನೆಂದಾರು? ಈ ಸಂಕೋಚದಲ್ಲೇ ಚೆಂಡು ಹುಬ್ಬಳ್ಳಿಯವರ ಪಾಲಾಗುತ್ತಿತ್ತು.

ಬಿಡುವಿನಲ್ಲಿ ಕಮಲಾಕರನಿಗೆ ಧಾರವಾಡದ ಕೋಚ್‌ನ ಯಾವ ಬೈಗುಳವೂ ನೆನಪಾಗಲಿಲ್ಲ. ನೆನಪಾದದ್ದು ಊಟ. ಸೀತಾರಾಮನಿಗೆ ಸೀಮೆಯಲ್ಲಿ ಹೆಸರು ಬಂದದ್ದು ಒತ್ತಾಯಕ್ಕೆ. ಸಾಕು ಸಾಕೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದವರ ತೋಳಿನ ಸಂದಿಯಿಂದ ಲಾಡು ಇಳಿಸುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ.

“ಸೀತಾರಾಮಣ್ಣ, ಆ ಬಳೆ ನೆಂಟನ ಎಲೆ ಹೇಳಿ ತಿಳ್ಕ. ಹುಬ್ಬಳ್ಳಿಯವ್ವು ಅಡ್ಡ ಹಿಡಿದಿದ್ದು ‘ಸಾಕು ಸಾಕು’ ಹೇಳ ಕೈ. ಹಂಗೆ ಹೇಳಿದವಂಗೆ ಲಾಡು ಹಾಕದ್ದೆ ಯಾವತ್ತಾದ್ರೂ ಮುಂದೆ ಹೋಗಿದ್ಯ?”

ಸೀತಾರಾಮ ಬಳೆಯತ್ತ ಹೊಸದಾಗಿ ನೋಡಿದ. ಇಲ್ಲವೆಂದು ತಲೆಯಾಡಿಸಿದ. ಯಾರೂ ಹೀಗೆ ಮೊದಲೇ ಹೇಳಿರಲಿಲ್ಲವಲ್ಲ ಎಂಬ ಬೇಸರವೂ ಅವನ ಮುಖದಲ್ಲಿತ್ತು.

ಆಮೇಲೆ ನಡೆದದ್ದನ್ನು ಶಿರಸಿಯ ಜನ ಬಹಳ ದಿನ ಆಡಿಕೊಂಡರು. ಹುಬ್ಬಳ್ಳಿಯವರು ಎಷ್ಟು ಎತ್ತರಕ್ಕೆ ಕೈ ಅಡ್ಡ ಹಿಡಿದರೆ ಸೀತಾರಾಮ ಅಷ್ಟು ಬಗ್ಗಿ, ಅವರ ಕಂಕುಳ ಕೆಳಗಿನಿಂದ, ಎರಡು ಕೈಯಲ್ಲಿ ಚೆಂಡನ್ನು ಮೇಲಕ್ಕೆ ಬಿಡುತ್ತಿದ್ದ. ಬಿಡುವಾಗ ಬಾಯಿಯಲ್ಲಿ ‘ಒಂದೇ ಒಂದು, ಒಂದೇ ಒಂದು’ ಎನ್ನುತ್ತಿದ್ದ. ತಪ್ಪಿದ್ದನ್ನು ಮಾದೇವ ಹಿಡಿದು ಮತ್ತೆ ಕೊಡುತ್ತಿದ್ದ. ಇಂಥ ಆಟ ಯಾವ ಪುಸ್ತಕದಲ್ಲೂ ಇಲ್ಲವೆಂದು ಸಂಗಯ್ಯ ತಲೆ ಚಚ್ಚಿಕೊಂಡ. ಹತ್ತು, ಹದಿನಾರು, ಇಪ್ಪತ್ತೆರಡು. ಕೊನೆಯ ಒಂದು ನಿಮಿಷ ಉಳಿದಾಗ ಶಿರಸಿ ಮೂವತ್ತೊಂದು, ಯಲ್ಲಾಪುರ ಮೂವತ್ತು.

ಆಗ ಚೆಂಡಿನ ಗಾಳಿ ಹೋಯಿತು.

ಇನ್ನೊಂದು ಚೆಂಡು ಅಷ್ಟರಲ್ಲಿ ಸಿದ್ದಾಪುರ ಮುಟ್ಟಿತ್ತು. ಸೈಕಲ್ ಅಂಗಡಿಯಿಂದ ಪಂಪು ಬಂತು, ಅದಕ್ಕೆ ಹಾಕುವ ಸೂಜಿ ಇಡೀ ಪೇಟೆಯಲ್ಲಿ ಸಿಗಲಿಲ್ಲ, ಭಾನುವಾರ. ಐದು ನಿಮಿಷ ಕಾಯುತ್ತೇವೆ, ಆಮೇಲೆ ಮುಂದಿರುವವರೇ ಗೆದ್ದಂತೆ ಎಂದು ಪಂಚರು ಸಾರಿದರು. ಸೀತಾರಾಮ ಮತ್ತು ಅವನವರು ಬೆವರು ಸುರಿಸುತ್ತ ಅಂಗಳದ ನಡುವೆ ನಿಂತಿದ್ದರು. ಮಾದೇವ ಮೆತ್ತಗಾದ ಚೆಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಕಮಲಾಕರನ ಕೈ ಅಂಗಿಯ ಒಳಗೆ ಹೋಗಿ ಸೂಜಿಯ ಮೇಲೆ ನಿಂತಿತು. ಅದನ್ನು ಹೊರಗೆ ತೆಗೆದು ಪಂಪು ಹಿಡಿದನೋ, ಎದುರಿಗೇ ನಿಂತ ಸಂಗಯ್ಯನಿಗೆ ಗುರುತು ಸಿಕ್ಕೇ ಸಿಗುತ್ತದೆ. ಆ ಪಕ್ಕದಲ್ಲೇ ಮಗಳು, ಅವಳ ಮಡಿಲಲ್ಲಿ ಫೋಟೋ. ತೆಗೆಯದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸೋತ ಕ್ಯಾಪ್ಟನ್ನೂ ಕ್ಯಾಪ್ಟನ್ನೇ.

ಒಂದು ನಿಮಿಷ ಹೋಯಿತು, ಎರಡು ಹೋಯಿತು. ಸೀತಾರಾಮ ಅವನ ಕಡೆ ನೋಡಿ, ಹೋಗಲಿ ಬಿಡು ಎಂಬಂತೆ ನಕ್ಕ. ಬಡಿಸಿ ಬಡಿಸಿ ಕೊನೆಗೆ ತನಗೇ ಏನೂ ಉಳಿಯದಾಗ ನಗುತ್ತಿದ್ದ ನಗು ಅದು. ಕಮಲಾಕರನಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಕವಳವನ್ನು ಹೋಗಿ ಉಗಿದು ಬಂದ. ತಲೆಯ ಪಂಚೆ ತೆಗೆದ. ಜನಿವಾರ ಹೊರಗೆಳೆದು ಸೂಜಿ ಬಿಚ್ಚಿದ, ನಾಲಿಗೆಗೆ ತಾಗಿಸಿ ಹಸಿ ಮಾಡಿ ಚೆಂಡಿನ ಕಣ್ಣಿಗೆ ಇಳಿಸಿದ. ಇಪ್ಪತ್ತೆರಡು ಸಲ ಪಂಪು ಒತ್ತಿದ. ಎರಡು ಹೆಬ್ಬೆರಳಿಂದ ಅಮುಕಿ ನೋಡಿದ. ಎದೆಮಟ್ಟದಿಂದ ಕೆಳಗೆ ಬಿಟ್ಟು, ಪುಟಿದ ಸದ್ದಿಗೆ ಕಿವಿಗೊಟ್ಟು, ಇನ್ನೊಂದು ಸಲ ಒತ್ತಿದ.

“ಲೇ, ಪಂಪ್ ಕಮಲ್ಯಾ ಅಲ್ಲೇನಲೇ ನೀ?”

ಸಂಗಯ್ಯನ ದನಿ ಮೈಕ್ ಇಲ್ಲದೆಯೇ ಇಡೀ ಮೈದಾನಕ್ಕೆ ಕೇಳುವಂಥದ್ದು. ಓಡಿ ಬಂದು ತಬ್ಬಿಕೊಂಡ. ಮೂರು ವರ್ಷ ನಮ್ಮ ಚೆಂಡಿಗೆ ಗಾಳಿ ಹಾಕಿದವ ಇವನೇ, ಕೋಚ್ ಇವನನ್ನು ಒಂದು ದಿನವೂ ಅಂಗಳದೊಳಗೆ ಬಿಡಲಿಲ್ಲ ಎಂದು ಸುತ್ತಲಿನವರಿಗೆಲ್ಲ ಖುಷಿಯಿಂದ ಹೇಳತೊಡಗಿದ. ಮಂಚಿಕೇರಿಯ ಎರಡು ಟೆಂಪೋ ಜನ ತಣ್ಣಗಾದರು. ಮಾವ ಕೆಮ್ಮಿದರು. ದೇವಕ್ಕ ಜೀವಮಾನದಲ್ಲಿ ಮೊದಲ ಸಲ ಏನೂ ಹೇಳಲಿಲ್ಲ. ಕಮಲಾಕರ ಯಾರನ್ನೂ ನೋಡದೆ ಚೆಂಡನ್ನು ಸೀತಾರಾಮನ ಕೈಗೆ ಕೊಟ್ಟ.

ಉಳಿದ ಒಂದು ನಿಮಿಷದಲ್ಲಿ ಚೆಂಡು ಎಷ್ಟು ಕೈ ದಾಟಿತೋ ಲೆಕ್ಕವಿಲ್ಲ. ಕೊನೆಗೆ ಇಬ್ಬರು ಹುಬ್ಬಳ್ಳಿಯವರು ನಾಲ್ಕು ಕೈ ಅಡ್ಡ ಹಿಡಿದರು. ನಾಲ್ಕು ಕೈಯಿದ್ದಲ್ಲಿ ಸಂದಿ ಹೆಚ್ಚೆಂಬುದು ಸೀತಾರಾಮನಿಗೆ ಗೊತ್ತಿತ್ತು. ಚೆಂಡು ಬಳೆಯ ಅಂಚಿನ ಮೇಲೆ ಕೂತು, ಬೇಡ ಬೇಡವೆನ್ನುತ್ತ, ಒಳಗೆ ಬಿತ್ತು. ಮೂವತ್ತೆರಡು, ಮೂವತ್ತೊಂದು. ಶಿರಸಿಯವರೇ ಸೀತಾರಾಮನನ್ನು ಎತ್ತಲು ಹೋಗಿ, ಏಳು ಜನ ಸೇರಿದರೂ ಆಗದೆ, ಇದ್ದಲ್ಲೇ ಹಾರ ಹಾಕಿದರು.

ಕಮಲಾಕರ ಪಂಪು ಹಿಡಿದುಕೊಂಡೇ ಮಗಳ ಹತ್ತಿರ ಹೋದ. ನಮಿತಾ ಫೋಟೋವನ್ನು ಬೋರಲು ಹಾಕಿದ್ದಳು.

“ಅಪ್ಪಯ್ಯ, ನೀ ಒಂದು ದಿನಾನೂ ಆಡಿದ್ದಿಲ್ಯನ?”

“ಇಲ್ಲೆ ಕೂಸೆ. ಗಾಳಿ ತುಂಬದು ಯನ್ನ ಕೆಲ್ಸ ಆಗಿತ್ತು.”

“ಮತ್ತೆ ಹೇಳಿದ್ದಿಲ್ಲೆ ಎಂತಕ್ಕೆ?”

ಈ ಸಲ ಬಾಯಲ್ಲಿ ಕವಳ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

“ಎಲ್ಲರಿಗೂ ನೀ ಅದನ್ನ ಹೇಳಕಾದ್ರೆ ನಿನ್ನ ಮುಖ ರಾಶಿ ಚಂದ ಕಾಣ್ತಿತ್ತು. ಅದಕ್ಕೇಯ.”

ಹಾಗಾದರೆ ಬಹುಮಾನದ ಲೋಟ ಶಾಲೆಗೆ ವಾಪಸ್ ಕೊಡಬೇಕೋ ಎಂದು ನಮಿತಾ ಕೇಳಿದಳು. ಕಣ್ಣಲ್ಲಿ ನೀರಿತ್ತು. ಹಿಂದೆ ನಿಂತಿದ್ದ ಸಂಗಯ್ಯ ಆ ಫೋಟೋವನ್ನು ಎತ್ತಿಕೊಂಡು ನೋಡಿ, ಮೀಸೆ ಒರೆಸಿಕೊಂಡ.

“ಕ್ಯಾಪ್ಟನ್ ನಾನಿದ್ದೆ ತಂಗಿ, ಖರೆ. ನಾ ಬರದಿದ್ದ ದಿನಾನೂ ಆಟ ನಡೀತಿತ್ತು. ನಿಮ್ಮಪ್ಪ ಬರದಿದ್ದ ದಿನ ನಡೀಲಿಲ್ಲ.”

ಅಷ್ಟರಲ್ಲಿ ಫೋಟೋದವನು ಕರೆದ. ಐದು ಹಸಿರು ಚಡ್ಡಿಗಳು ಸಾಲಾಗಿ ನಿಂತವು, ಕಪ್ ನಡುವೆ ಕೂತಿತು. ಕ್ಯಾಪ್ಟನ್ ಯಾರೋ ಅವರು ಚೆಂಡು ಹಿಡಿಯಲಿ ಎಂದ. ಸೀತಾರಾಮ ಸಂಕೋಚದಿಂದ ಪಕ್ಕದವನಿಗೆ ಕೊಟ್ಟ, ಅವನು ಪೋಸ್ಟ್‌ಮಾಸ್ತರನಿಗೆ, ಪೋಸ್ಟ್‌ಮಾಸ್ತರ ಮಾದೇವನಿಗೆ. ಹೀಗೆ ದಾಟುತ್ತ ದಾಟುತ್ತ ಚೆಂಡು ತುದಿಯಲ್ಲಿ ನಿಂತ ಕಮಲಾಕರನ ಕೈಗೆ ಬಂತು. ಅವನು ಎಲ್ಲರಿಗೂ ಕೇಳುವಂತೆ, ತಾನು ಕ್ಯಾಪ್ಟನ್ ಅಲ್ಲ ಎಂದು ಹೇಳಿ ಹಿಂದೆ ಕೊಡಲು ಹೋದ. ಹದಿನೈದು ವರ್ಷದಿಂದ ಬಾಕಿಯಿದ್ದ ಮಾತು ಅದು. ಆದರೆ ನಮಿತಾ ಸಾಲಿನೊಳಗೆ ನುಗ್ಗಿ ಚೆಂಡನ್ನು ಅವನ ಎದೆಗೆ ಒತ್ತಿದಳು.

“ನೀನೇ ಹಿಡ್ಕ ಅಪ್ಪಯ್ಯ. ಗಾಳಿ ನಿಂದಲ್ದನ?”

ಈಗ ಆ ಜಗುಲಿಯಲ್ಲಿ ಎರಡು ಫೋಟೋ ಪಕ್ಕಪಕ್ಕದಲ್ಲಿವೆ. ಎರಡರಲ್ಲೂ ತುದಿಯಲ್ಲಿ ಒಬ್ಬ ಗಿಡ್ಡ ಮನುಷ್ಯ ಚೆಂಡು ಹಿಡಿದು ನಿಂತಿದ್ದಾನೆ, ಎರಡನೆಯದರಲ್ಲಿ ತಲೆಯಲ್ಲಿ ಕೂದಲಿಲ್ಲ, ಕೈಯಲ್ಲಿ ಪಂಪೂ ಇದೆ. ಆಡಿದವರು ಯಾರೂ ಈಗ ಓಡುವ ಸ್ಥಿತಿಯಲ್ಲಿಲ್ಲ, ಸೀತಾರಾಮನಿಗೆ ಅವನ ಸೊಸೆ ಕೂರಿಸಿ ಬಡಿಸುತ್ತಾಳೆ. ಎರಡೂ ಫೋಟೋಗಳ ಕೆಳಗೆ ನಮಿತಾ ತನ್ನ ಎಂಟನೇ ಇಯತ್ತೆಯ ದುಂಡು ಅಕ್ಷರದಲ್ಲಿ ಎಲ್ಲರ ಹೆಸರನ್ನೂ ಆಗಲೇ ಬರೆದಿಟ್ಟಳು. ಹಳೆಯದರಲ್ಲಿ ‘ಕ್ಯಾಪ್ಟನ್: ಸಂಗಯ್ಯ’, ಹೊಸದರಲ್ಲಿ ‘ಕ್ಯಾಪ್ಟನ್: ಸೀತಾರಾಮ ಭಟ್ಟ’, ಎರಡರಲ್ಲೂ ಕೊನೆಗೆ ‘ಗಾಳಿ: ಕಮಲಾಕರ ಹೆಗಡೆ’. ತವರಿಗೆ ಬಂದಾಗಲೆಲ್ಲ ಅವಳು ಚೌಕಟ್ಟಿನ ಆ ಬದಿಗೆ ಗೇರೆಣ್ಣೆ ಹಚ್ಚಿ ಹೋಗುತ್ತಾಳೆ. ಆ ಹೆಸರಿಗೆ ಇನ್ನು ಒರಲೆ ಬರಬಾರದು.